ಇಂಪ್ಲಾಂಟ್‌ಗೆ ಮೂಳೆ ಅಂಟಿಕೊಳ್ಳೋದು ಅಂದರೆ ನಿಜವಾಗಿ ಏನು? ಮೂರು ತಿಂಗಳು ಕಾಯಲೇಬೇಕಾ?

ಕೆರೆಏರಿ:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 62 ವರ್ಷ. ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಕೆಳಗಿನ ದವಡೆಯ ಬಲಗಡೆ ಹಲ್ಲು ಕೀಳಿಸಿ ವರ್ಷದ ಮೇಲಾಗಿತ್ತು, ಈಗ ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿದ್ದೇವೆ. ಮೂರನೇ ವಾರ ನಡೀತಾ ಇದೆ. ಹೊಲಿಗೆ ಬಿಚ್ಚಿದ್ದಾರೆ, ಊತ ಇಳಿದಿದೆ, ನೋವಂತೂ ಮೊದಲೆರಡು ದಿನ ಬಿಟ್ಟರೆ ಇಲ್ಲವೇ ಇಲ್ಲ. ವಸಡಿನ ಮೇಲೆ ಪುಟ್ಟ ಲೋಹದ ಮುಚ್ಚಳ ಒಂದು ಕಾಣುತ್ತದೆ, ಅದು ಹೀಲಿಂಗ್ ಕ್ಯಾಪ್ ಅಂತೆ. ಹಲ್ಲಿನ ಕ್ಯಾಪ್ ಹಾಕೋದಕ್ಕೆ ಮೂರು ತಿಂಗಳು ಬಿಟ್ಟು ಬನ್ನಿ, ಅಲ್ಲಿವರೆಗೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದಾರೆ.

ಅಪ್ಪನಿಗೆ ಇದು ಒಪ್ಪಿಗೆ ಇಲ್ಲ. "ನೋವಿಲ್ಲ, ಅಲ್ಲಾಡ್ತಿಲ್ಲ, ಇನ್ನೇನು ಕಾಯೋದು" ಅಂತಾರೆ. ಮೊನ್ನೆ ಸಂಜೆ ಕಾಫಿ ಜೊತೆ ಕೋಡುಬಳೆಯನ್ನು ಆ ಕಡೆಗೇ ಹಾಕಿಕೊಂಡು ಅಗಿಯೋಕೆ ಶುರು ಮಾಡಿದ್ದರು, ಅಮ್ಮ ಗದರಿದ ಮೇಲೆ ನಿಲ್ಲಿಸಿದರು. ಅದೂ ಅಲ್ಲದೆ ನಮ್ಮ ದೊಡ್ಡಪ್ಪನಿಗೆ ಬೆಂಗಳೂರಿನಲ್ಲಿ ಕೆಳಗಿನ ಸಾಲು ಪೂರ್ತಿ ಇಂಪ್ಲಾಂಟ್ ಮೇಲೆ ಕೂರಿಸಿ ಅದೇ ವಾರ ಹಲ್ಲು ಕೊಟ್ಟು ಕಳಿಸಿದ್ದರು. ಅವರಿಗೆ ಒಂದು ವಾರ ಸಾಕಾಯಿತು, ನಮಗೆ ಯಾಕೆ ಮೂರು ತಿಂಗಳು ಅನ್ನೋದು ಅಪ್ಪನ ವಾದ. ನನಗೂ ಉತ್ತರ ಗೊತ್ತಿಲ್ಲ.

"ಮೂಳೆ ಅಂಟಿಕೊಳ್ಳಬೇಕು" ಅಂತ ಎಲ್ಲರೂ ಹೇಳುತ್ತಾರೆ. ಲೋಹಕ್ಕೆ ಮೂಳೆ ಅಂಟೋದು ಅಂದರೆ ಏನು? ಗೋಡೆಗೆ ಸ್ಕ್ರೂ ಹೊಡೆದ ಹಾಗೆ ಬರೀ ಬಿಗಿತಾನಾ, ಇಲ್ಲ ಒಳಗೆ ಏನಾದರೂ ಅಂಟು ಹಾಕಿರುತ್ತಾರಾ? ಕಾಲಿಗೆ ಮುಳ್ಳು ಮುರಿದುಕೊಂಡರೆ ಕೀವಾಗಿ ದೇಹವೇ ಅದನ್ನು ಹೊರಗೆ ದಬ್ಬುತ್ತದೆ, ಇಷ್ಟು ದೊಡ್ಡ ಲೋಹದ ತುಂಡನ್ನು ಯಾಕೆ ದಬ್ಬುವುದಿಲ್ಲ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಅಪ್ಪನಿಗೆ ಓದಿ ಹೇಳುತ್ತೇನೆ.

ವಸಡು_ವೈದ್ಯೆ:

ನಾನು ವಸಡಿನ ಡಾಕ್ಟರ್, ಇಂಪ್ಲಾಂಟ್ ಹಾಕೋದು ನನ್ನ ದಿನದ ಕೆಲಸ. ಎಲ್ಲಕ್ಕಿಂತ ಮೊದಲು ಒಂದು ಮಾತು, ಇದನ್ನು ಅಪ್ಪನಿಗೆ ಇವತ್ತೇ ಹೇಳಿ. ಎರಡರಿಂದ ನಾಲ್ಕನೇ ವಾರದ ಒಳಗೆ ಇಂಪ್ಲಾಂಟ್‌ನ ಹಿಡಿತ ಅತಿ ಕಮ್ಮಿ ಇರುತ್ತದೆ. ಹಾಕಿದ ದಿನ ಇದ್ದಷ್ಟು ಬಿಗಿ ಕೂಡ ಈಗ ಇರೋದಿಲ್ಲ. ನೋವಿಲ್ಲ ಅಂದರೆ ವಸಡು ವಾಸಿಯಾಗಿದೆ ಅಂತ ಅಷ್ಟೇ. ಒಳಗೆ ಮೂಳೆ ಎಲ್ಲಿಗೆ ಬಂದಿದೆ ಅನ್ನೋದು ನೋವಿನಿಂದ ಗೊತ್ತಾಗುವ ಸಂಗತಿ ಅಲ್ಲ.

ನಿಮ್ಮ ಗೋಡೆ ಸ್ಕ್ರೂ ಮಾತು ಮೊದಲ ದಿನದ ಮಟ್ಟಿಗೆ ಸರಿ. 2 ಮಿಲಿಮೀಟರ್ ಆಸುಪಾಸಿನ ಡ್ರಿಲ್‌ನಿಂದ ಶುರು ಮಾಡಿ, ಒಂದರ ನಂತರ ಒಂದು ದಪ್ಪ ಡ್ರಿಲ್ ಹಾಕುತ್ತಾ ದವಡೆ ಮೂಳೆಯಲ್ಲಿ ತೂತು ಅಗಲ ಮಾಡುತ್ತೇವೆ. ಕೊನೆಯ ತೂತು ಇಂಪ್ಲಾಂಟ್‌ಗಿಂತ ಚೂರು ಸಣ್ಣದಾಗಿಯೇ ಇರುತ್ತದೆ. 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ಸ್ಕ್ರೂ ಅದರೊಳಗೆ ನಿಧಾನಕ್ಕೆ ತಿರುಗುತ್ತಾ ಇಳಿಯುವಾಗ ಥ್ರೆಡ್‌ಗಳು ಸುತ್ತಲಿನ ಮೂಳೆಯನ್ನು ಒತ್ತಿ ಹಿಡಿದುಕೊಳ್ಳುತ್ತವೆ. ತಿರುಗಿಸುವ ಬಲ, ಅಂದರೆ ಟಾರ್ಕ್ ಅಳೆಯುವ ರೆಂಚ್‌ನಲ್ಲಿ 35 ನ್ಯೂಟನ್ ಸೆಂಟಿಮೀಟರ್ ಹತ್ತಿರ ಬಂತು ಅಂದರೆ ನಮಗೆ ಸಮಾಧಾನ. ಇದಕ್ಕೆ ಪ್ರೈಮರಿ ಸ್ಟೆಬಿಲಿಟಿ ಅಂತೇವೆ. ಅಂಟು ಗಿಂಟು ಏನೂ ಇಲ್ಲ. ಅಂಟು ಬರೋದು ಮುಂದೆ ಮೇಲಿನ ಕ್ಯಾಪ್ ಕೂರಿಸುವಾಗ, ಅದೂ ಕೆಲವೊಮ್ಮೆ ಮಾತ್ರ, ಸ್ಕ್ರೂ ಹಾಕಿ ಕೂರಿಸೋದೂ ಉಂಟು.

ಡ್ರಿಲ್ ಮಾಡುವಾಗ ತಣ್ಣನೆ ಸಲೈನ್ ಸುರಿಯುತ್ತಲೇ ಇರುತ್ತಾರೆ, ಅಪ್ಪನಿಗೆ ನೆನಪಿರಬಹುದು, ಬಾಯಿ ತುಂಬಾ ನೀರಾಗಿ ಬೇಜಾರಾಗಿರುತ್ತದೆ. ಮೂಳೆ ಜೀವ ಇರುವ ವಸ್ತು, ಬಿಸಿ ತಡೆಯುವುದಿಲ್ಲ. 47 ಡಿಗ್ರಿ ಬಿಸಿ ಒಂದು ನಿಮಿಷ ಇದ್ದರೆ ಸಾಕು, ಆ ಅಂಚಿನ ಮೂಳೆಗೆ ಪೆಟ್ಟು ಬೀಳುತ್ತದೆ ಅಂತ ಸ್ವೀಡನ್‌ನಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲೇ ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. 47 ಡಿಗ್ರಿ ಅಂದರೆ ಮುಟ್ಟಿದರೆ ಕೈ ಸುಡುವಷ್ಟೂ ಬಿಸಿ ಅಲ್ಲ ನೋಡಿ. ಅದಕ್ಕೇ ಹರಿತವಾದ ಡ್ರಿಲ್, ಕಮ್ಮಿ ವೇಗ, ಮಧ್ಯೆ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಕೊರೆಯೋದು.

ಈಗ ನಿಜವಾದ ಕಥೆ. ಇಂಪ್ಲಾಂಟ್ ಒಳಗೆ ಹೋದ ಕೂಡಲೇ ಅದಕ್ಕೆ ಮೊದಲು ತಾಗೋದು ರಕ್ತ. ಈಗಿನ ಕೆಲವು ಇಂಪ್ಲಾಂಟ್‌ಗಳ ಮೈಯನ್ನು ನೀರಿನಂಶ ಎಳೆದುಕೊಳ್ಳುವಂತೆ ತಯಾರು ಮಾಡಿರುತ್ತಾರೆ. ಅಂಥದ್ದನ್ನು ತೂತಿನ ಬಾಯಿಗೆ ತಾಗಿಸುತ್ತಿದ್ದಂತೆ ರಕ್ತ ತಾನಾಗಿ ಥ್ರೆಡ್ ಹಿಡಿದು ಮೇಲಕ್ಕೆ ಹತ್ತುತ್ತದೆ, ಬೂದು ಬಣ್ಣದ ಲೋಹ ನೋಡನೋಡುತ್ತಾ ಕೆಂಪಾಗುತ್ತದೆ. ಎಷ್ಟು ಸಲ ನೋಡಿದ್ದರೂ ಆ ಕ್ಷಣ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ರಕ್ತದಲ್ಲಿರುವ ಪ್ರೋಟೀನ್‌ಗಳು ಲೋಹದ ಮೇಲೆ ಪದರವಾಗಿ ಕೂರುತ್ತವೆ. ಇಲ್ಲಿಂದ ಮುಂದೆ ನಮ್ಮ ಜೀವಕೋಶಗಳಿಗೆ ಸಿಗೋದು ಬರೀ ಲೋಹ ಅಲ್ಲ, ನಮ್ಮದೇ ಪ್ರೋಟೀನ್ ಹೊದ್ದುಕೊಂಡಿರುವ ಮೈ.

ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನಲ್ಲಿ ಫೈಬ್ರಿನ್ ಅನ್ನುವ ಎಳೆಗಳು ಲೋಹಕ್ಕೂ ಮೂಳೆಗೂ ನಡುವೆ ಹರಡಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗಳು ಒಡೆದು ಬೆಳವಣಿಗೆಯ ಸಂದೇಶ ಬಿಡುತ್ತವೆ. ಬಿಳಿ ರಕ್ತಕಣಗಳು ಬಂದು ಕಸ, ಬ್ಯಾಕ್ಟೀರಿಯಾ ಬಳಿದು ಹಾಕುತ್ತವೆ. ಇದೆಲ್ಲ ಮೊದಲ ಕೆಲವು ದಿನಗಳಲ್ಲಿ ಆಗುವ ಕೆಲಸ. ಆಮೇಲೆ ಹೊಸ ರಕ್ತನಾಳಗಳು ಒಳಗೆ ಬರುತ್ತವೆ, ಅವುಗಳ ಜೊತೆಗೆ ಮುಂದೆ ಮೂಳೆ ಕಟ್ಟುವ ಕೋಶಗಳಾಗಬೇಕಾದ ಎಳೆ ಕೋಶಗಳು ಬರುತ್ತವೆ. ಅವು ಫೈಬ್ರಿನ್ ಎಳೆಗಳನ್ನು ಹಿಡಿದೇ ಸಾಗಿ ಲೋಹದ ಮೈ ತಲುಪುತ್ತವೆ. ಮೈ ಒರಟಾಗಿದ್ದರೆ ಎಳೆ ಜಾರದೆ ಗಟ್ಟಿ ನಿಲ್ಲುತ್ತದೆ, ಅದಕ್ಕಾಗಿಯೇ ಇವತ್ತು ಇಂಪ್ಲಾಂಟ್‌ಗಳ ಮೈಯನ್ನು ಮರಳು ಸಿಡಿಸಿ, ಆಸಿಡ್‌ನಲ್ಲಿ ಅದ್ದಿ 1ರಿಂದ 2 ಮೈಕ್ರಾನ್‌ನಷ್ಟು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದರೆ ಒಂದು ಮೈಕ್ರಾನ್) ಒರಟು ಮಾಡಿರುತ್ತಾರೆ. ಕಣ್ಣಿಗೆ ಸುಮ್ನೆ ಮಸುಕು ಮಸುಕಾಗಿ ಕಾಣುತ್ತದೆ, ಅಷ್ಟೇ.

ಮೊದಲ ವಾರ ಮುಗಿಯುವ ಹೊತ್ತಿಗೆ ಹೊಸ ಮೂಳೆ ಶುರುವಾಗಿರುತ್ತದೆ. ಇದು ಎರಡು ಕಡೆಯಿಂದ ಬರುತ್ತದೆ. ಹಳೇ ಮೂಳೆಯ ಅಂಚಿನಿಂದ ಲೋಹದ ಕಡೆಗೆ ಒಂದು. ಲೋಹದ ಮೈ ಮೇಲೆಯೇ ಹುಟ್ಟಿ ಹಳೇ ಮೂಳೆಯ ಕಡೆಗೆ ಇನ್ನೊಂದು. ಎರಡನೆಯದು ಚೆನ್ನಾಗಿ ನಡೆದರೆ ಹಿಡಿತ ಬೇಗ ಬರುತ್ತದೆ. ಆದರೆ ಈ ಮೊದಲ ಮೂಳೆ ಅವಸರಕ್ಕೆ ಕಟ್ಟಿದ್ದು, ನಾರುಗಳು ಅಡ್ಡಾದಿಡ್ಡಿ ಇರುತ್ತವೆ, ಗಟ್ಟಿ ಕಮ್ಮಿ.

ಅದೇ ಹೊತ್ತಿಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ, ಕೋಡುಬಳೆ ಯಾಕೆ ಬೇಡ ಅಂದರೆ ಇದಕ್ಕೇ. ಮೊದಲ ದಿನ ಥ್ರೆಡ್‌ಗಳು ಒತ್ತಿ ಹಿಡಿದಿದ್ದ ಹಳೇ ಮೂಳೆ ಇದೆಯಲ್ಲ, ಡ್ರಿಲ್‌ನಿಂದ, ಒತ್ತಡದಿಂದ ಅದರ ಅಂಚು ಸತ್ತಿರುತ್ತದೆ. ದೇಹ ಅದನ್ನು ಹಾಗೇ ಬಿಡುವುದಿಲ್ಲ. ಆಸ್ಟಿಯೋಕ್ಲಾಸ್ಟ್ ಅನ್ನುವ ಕೋಶಗಳು ಬಂದು ಅದನ್ನು ಕರಗಿಸುತ್ತವೆ. ಅಂದರೆ ಮೊದಲ ದಿನದ ಬಿಗಿತ ದಿನೇ ದಿನೇ ಹೋಗುತ್ತಿರುತ್ತದೆ, ಹೊಸ ಮೂಳೆಯ ಹಿಡಿತ ಇನ್ನೂ ಪೂರ್ತಿ ಬಂದಿರುವುದಿಲ್ಲ. ಈ ನಡುವಿನ ತಗ್ಗಿನಲ್ಲಿ ಅಪ್ಪ ಇದ್ದಾರೆ.

ಈ ಹೊತ್ತಿನಲ್ಲಿ ಇಂಪ್ಲಾಂಟ್ ಅಲುಗಿದರೆ ಏನಾಗುತ್ತದೆ? ಒಂಚೂರು ಅಲುಗಿದರೆ ಏನೂ ಆಗುವುದಿಲ್ಲ, ಮೂಳೆ ಸಹಿಸುತ್ತದೆ. 50ರಿಂದ 150 ಮೈಕ್ರಾನ್ ಅನ್ನೋದು ನಾವು ಲೆಕ್ಕಕ್ಕೆ ಇಟ್ಟುಕೊಳ್ಳುವ ಗಡಿ. 150 ಮೈಕ್ರಾನ್ ಅಂದರೆ 0.15 ಮಿಲಿಮೀಟರ್, ಬೆರಳಿಟ್ಟು ನೋಡಿದರೂ ಗೊತ್ತಾಗೋದಿಲ್ಲ. ಅಷ್ಟಕ್ಕಿಂತ ಜಾಸ್ತಿ ಪದೇ ಪದೇ ಅಲುಗಿದರೆ ಹೊಸ ರಕ್ತನಾಳಗಳು, ಫೈಬ್ರಿನ್ ಎಳೆಗಳು ಹರಿಯುತ್ತವೆ. ಅಲ್ಲಿಗೆ ಬಂದ ಎಳೆ ಕೋಶಗಳು ಮೂಳೆ ಕಟ್ಟುವ ದಾರಿ ಬಿಟ್ಟು ಮೆತ್ತನೆ ನಾರಿನ ಅಂಗಾಂಶ ಕಟ್ಟಿಬಿಡುತ್ತವೆ. ಒಂದು ಸಲ ಲೋಹದ ಸುತ್ತ ಆ ನಾರಿನ ಕೋಟೆ ಎದ್ದರೆ ಆಮೇಲೆ ಎಷ್ಟು ತಿಂಗಳು ಕಾದರೂ ಅದು ಮೂಳೆಯಾಗಿ ತಿರುಗುವುದಿಲ್ಲ.

ನಾಲ್ಕನೇ ವಾರದ ನಂತರ ಹಿಡಿತ ಏರುತ್ತಾ ಹೋಗುತ್ತದೆ. ಅವಸರದ ಮೂಳೆಯನ್ನು ತೆಗೆದು ಪದರ ಪದರವಾಗಿ ಗಟ್ಟಿ ಮೂಳೆ ಹಾಕುವ ಕೆಲಸ ಶುರುವಾಗುತ್ತದೆ. ಆ ಗಟ್ಟಿ ಮೂಳೆ ಬೆಳೆಯೋದು ದಿನಕ್ಕೆ ಸುಮಾರು 1 ಮೈಕ್ರಾನ್. ಅದನ್ನು ಜೋರು ಮಾಡುವ ಮಾತ್ರೆ, ಟಾನಿಕ್ ಯಾವುದೂ ಇಲ್ಲ. ಮೂರು ತಿಂಗಳ ಲೆಕ್ಕ ಬಂದಿದ್ದು ಇಲ್ಲಿಂದ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರೋದಿಲ್ಲ. ಎಷ್ಟೇ ಚೆನ್ನಾಗಿ ಹಿಡಿದ ಇಂಪ್ಲಾಂಟ್ ಆದರೂ ಅದರ ಮೈಗೆ 100ಕ್ಕೆ 100 ಭಾಗ ಮೂಳೆ ತಾಗಿರುವುದಿಲ್ಲ. ನಡುನಡುವೆ ಮಜ್ಜೆ ಇರುತ್ತದೆ, ರಕ್ತನಾಳ ಇರುತ್ತದೆ. ಅಷ್ಟಿದ್ದರೂ ಜೀವನಪೂರ್ತಿ ಬಾಳಬಲ್ಲದು.

ಲೋಹದ_ಮಾತು:

ಡಾಕ್ಟರ್ ಮೇಡಂ ಮೂಳೆ ಕಡೆಯಿಂದ ಹೇಳಿದ್ದಾರೆ, ನಾನು ಲೋಹದ ಕಡೆಯಿಂದ ಸೇರಿಸುತ್ತೇನೆ. ನನ್ನ ಓದು ಮೆಟಲರ್ಜಿ. ಮುಳ್ಳನ್ನು ದಬ್ಬುವ ದೇಹ ಇದನ್ನು ಯಾಕೆ ದಬ್ಬುವುದಿಲ್ಲ ಅನ್ನುವ ಪ್ರಶ್ನೆ ತುಂಬಾ ಒಳ್ಳೆಯದು.

ಟೈಟಾನಿಯಂ ಅಂತ ನಾವು ಕರೆದರೂ ದೇಹಕ್ಕೆ ತಾಗೋದು ಟೈಟಾನಿಯಂ ಅಲ್ಲವೇ ಅಲ್ಲ. ಈ ಲೋಹಕ್ಕೆ ಆಕ್ಸಿಜನ್ ಮೇಲೆ ವಿಪರೀತ ಸೆಳೆತ. ಗಾಳಿ ತಾಗಿದ ಕ್ಷಣಕ್ಕೇ ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಪದರ ಕಟ್ಟಿಕೊಳ್ಳುತ್ತದೆ, ಕೆಲವೇ ನ್ಯಾನೋಮೀಟರ್ ದಪ್ಪ. ಗೀರಿದರೆ ಆ ಜಾಗದಲ್ಲಿ ತಕ್ಷಣ ಮತ್ತೆ ಕಟ್ಟುತ್ತದೆ. ಕಬ್ಬಿಣದ ತುಕ್ಕು ಉದುರುತ್ತಾ ಹೋಗುತ್ತದೆ, ಇದು ಉದುರುವುದಿಲ್ಲ, ಲೋಹಕ್ಕೆ ಭದ್ರವಾಗಿ ಕೂತಿರುತ್ತದೆ. ದೇಹದೊಳಗಿನ ಉಪ್ಪು ನೀರು ಬೇರೆ ಎಷ್ಟೋ ಲೋಹಗಳನ್ನು ಕರಗಿಸಿ ಅಯಾನು ಬಿಡಿಸುತ್ತದೆ, ಆ ಅಯಾನುಗಳಿಗೆ ಅಂಗಾಂಶ ಕೆರಳುತ್ತದೆ. ಟೈಟಾನಿಯಂನಿಂದ ಹಾಗೆ ಹೊರಗೆ ಬರೋದು ತೀರಾ ಕಮ್ಮಿ. ಮುಳ್ಳಿನ ವಿಷಯ ಬೇರೆ. ಅದು ಮಣ್ಣು, ಬ್ಯಾಕ್ಟೀರಿಯಾ ಹೊತ್ತುಕೊಂಡು ಹೋಗುತ್ತದೆ, ಕೀವಾಗೋದು ಬಹುಪಾಲು ಅದರಿಂದ. ಇಂಪ್ಲಾಂಟ್ ಬರೋದು ಸ್ಟೆರೈಲ್ ಆಗಿ ಮುಚ್ಚಿದ ಡಬ್ಬಿಯಲ್ಲಿ, ಕೈ ಕೂಡ ತಾಗಿಸದೆ ನೇರವಾಗಿ ಮೂಳೆಗೆ ಇಳಿಸುತ್ತಾರೆ.

ಇನ್ನೊಂದು ಅನುಕೂಲ ಬಿಗುವಿನದ್ದು, ಅಂದರೆ ಭಾರ ಬಿದ್ದಾಗ ಎಷ್ಟು ಬಾಗದೆ ನಿಲ್ಲುತ್ತದೆ ಅನ್ನೋದು. ಸ್ಟೀಲ್‌ನ ಬಿಗುವು ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂದು ಅದರ ಅರ್ಧ, ದವಡೆಯ ಗಟ್ಟಿ ಹೊರಮೂಳೆಯದು 10ರಿಂದ 20ರ ಆಸುಪಾಸು. ವ್ಯತ್ಯಾಸ ಕಮ್ಮಿ ಇದ್ದಷ್ಟೂ ಅಗಿಯುವ ಭಾರ ಮೂಳೆಗೂ ಹಂಚಿಹೋಗುತ್ತದೆ. ಭಾರ ಬೀಳದ ಮೂಳೆ ಸವೆಯುತ್ತದೆ, ಅದು ಮೂಳೆಯ ಸ್ವಭಾವ.

ಇದು ಗೊತ್ತಾದ ಕಥೆಯೂ ಚೆನ್ನಾಗಿದೆ. ಸ್ವೀಡನ್‌ನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಹಲ್ಲಿನ ಡಾಕ್ಟರ್ ಅಲ್ಲ. 1950ರ ದಶಕದಲ್ಲಿ ಲುಂಡ್ ವಿಶ್ವವಿದ್ಯಾಲಯದಲ್ಲಿ ಮೂಳೆಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕೆ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂನ ಒಂದು ಪುಟ್ಟ ಕೊಳವೆ ಕೂರಿಸಿ, ಅದರ ಮೂಲಕ ಮೈಕ್ರೋಸ್ಕೋಪ್ ಇಟ್ಟು ಜೀವಂತ ಮೂಳೆಯನ್ನೇ ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಆ ಕೊಳವೆ ತೆಗೆದು ಮತ್ತೆ ಬಳಸಬೇಕಿತ್ತು, ಯಾಕೆಂದರೆ ಅದು ದುಬಾರಿ. ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಲೋಹಕ್ಕೆ ಹಾಗೆ ಕೂಡಿಬಿಟ್ಟಿತ್ತು. 1940ರಲ್ಲೇ ಬೋಥ್ ಮತ್ತು ಜೊತೆಗಾರರು ಪ್ರಾಣಿಗಳ ಮೂಳೆಯಲ್ಲಿ ಟೈಟಾನಿಯಂ ಚೆನ್ನಾಗಿ ಕೂಡಿಕೊಳ್ಳುತ್ತದೆ ಅಂತ ಬರೆದಿದ್ದರು, ಆದರೆ ಅದನ್ನು ಹಿಡಿದು ಹಟ ಮಾಡಿ ಮನುಷ್ಯರವರೆಗೆ ತಂದವರು ಬ್ರೋನೆಮಾರ್ಕ್. ಮೂಳೆ ಲೋಹಕ್ಕೆ ಹೀಗೆ ಕೂಡುವುದಕ್ಕೆ ಆಸಿಯೋಇಂಟಿಗ್ರೇಷನ್ ಅಂತ ಹೆಸರಿಟ್ಟವರೂ ಅವರೇ.

1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಅನ್ನುವವರ ಕೆಳದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿದರು. ಹುಟ್ಟಿನಿಂದಲೇ ಅವರ ಬಾಯಿಯ ಅಂಗುಳ ಸೀಳಿತ್ತು, ದವಡೆ ಸರಿಯಿರಲಿಲ್ಲ, ತಿನ್ನೋದು, ಮಾತಾಡೋದು ಎರಡೂ ಕಷ್ಟ. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಕೆಲಸ ಮಾಡುತ್ತಿದ್ದವು. 40 ವರ್ಷದ ಮೇಲೆ! ಹಾಗಿದ್ದರೂ ಹಲ್ಲಿನ ಪ್ರಪಂಚ ಬ್ರೋನೆಮಾರ್ಕ್ ಮಾತನ್ನು ಬಹಳ ಕಾಲ ನಂಬಲಿಲ್ಲ. ಮೂಳೆ ಲೋಹಕ್ಕೆ ನೇರವಾಗಿ ಕೂಡೋದು ಸಾಧ್ಯವೇ ಇಲ್ಲ, ನಡುವೆ ನಾರು ಇದ್ದೇ ಇರಬೇಕು ಅಂತ ವಾದ. 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ವರ್ಷಾನುಗಟ್ಟಲೆ ರೋಗಿಗಳ ಲೆಕ್ಕ ಮುಂದಿಟ್ಟ ಮೇಲೆ ಗಾಳಿ ಬದಲಾಯಿತು.

ಇದೇ ವಿದ್ಯೆಯಿಂದ ಇವತ್ತು ಕಿವಿಯ ಹಿಂದಿನ ಮೂಳೆಗೆ ಕೂರಿಸುವ ಶ್ರವಣ ಸಾಧನ ಇದೆ, ಕಾಲು ಕಳೆದುಕೊಂಡವರ ತೊಡೆಮೂಳೆಗೇ ನೇರವಾಗಿ ಸೇರಿಸುವ ಕೃತಕ ಕಾಲೂ ಇದೆ.

ನಿವೃತ್ತ_ಮೇಷ್ಟ್ರು:

ಮೇಡಂ ಹೇಳಿದ ಆ ನಾರಿನ ಅಂಗಾಂಶ ನನಗೆ ಆಗಿತ್ತು. ಅಪ್ಪನಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನನ್ನದು ಮೇಲಿನ ದವಡೆ, ಹಿಂದಿನ ಹಲ್ಲು. ಹಾಕಿದ ಮೇಲೆ ಒಂದು ದಿನವೂ ನೋವು ಬರಲಿಲ್ಲ, ಎಲ್ಲ ಸರಿಯಿದೆ ಅಂತಲೇ ಇದ್ದೆ. ಕ್ಯಾಪ್‌ಗೆ ಅಳತೆ ತೆಗೆಯೋ ದಿನ ಡಾಕ್ಟರು ಸಣ್ಣ ರೆಂಚ್ ಹಾಕಿ ತಿರುಗಿಸಿದರು. ಇಂಪ್ಲಾಂಟೇ ತಿರುಗಿತು. ಅರಿವಳಿಕೆ ಬೇಕಾಗಲಿಲ್ಲ ಅನ್ನುವಷ್ಟು ಸಲೀಸಾಗಿ ಹೊರಗೆ ಬಂತು. ಟ್ರೇ ಮೇಲಿಟ್ಟು ತೋರಿಸಿದರು, ಥ್ರೆಡ್‌ಗಳ ನಡುವೆ ತೆಳ್ಳಗೆ ಗುಲಾಬಿ ಬಣ್ಣದ ಮಾಂಸದ ಪೊರೆ ಅಂಟಿಕೊಂಡಿತ್ತು. ಮೂಳೆ ಹಿಡಿದಿದ್ದರೆ ಇದು ಹೀಗೆ ಬರುತ್ತಲೇ ಇರಲಿಲ್ಲ ಅಂದರು.

ಕಾರಣ ಇದೇ ಅಂತ ಬೆರಳಿಟ್ಟು ಹೇಳೋಕೆ ಆಗಲ್ಲ ಅಂದರು. ಮೇಲಿನ ದವಡೆಯ ಹಿಂಭಾಗದಲ್ಲಿ ಮೂಳೆ ಮೆತ್ತಗೆ, ಮೇಲೆ ಸೈನಸ್ ಇರೋದರಿಂದ ಎತ್ತರವೂ ಕಮ್ಮಿ, ಅಲ್ಲಿ ಮೊದಲ ದಿನದ ಬಿಗಿತವೇ ಕಷ್ಟ ಅಂತ ಬಿಡಿಸಿ ಹೇಳಿದರು. ತೂತಿನಲ್ಲಿ ಮತ್ತೆ ಮೂಳೆ ತುಂಬಿಕೊಳ್ಳೋದಕ್ಕೆ ಬಿಟ್ಟು, ಕೆಲವು ತಿಂಗಳಾದ ಮೇಲೆ ಸ್ವಲ್ಪ ದಪ್ಪದ್ದು ಹಾಕಿದರು. ಈ ಸಲ ಅರ್ಧ ವರ್ಷ ಮುಚ್ಚಿಟ್ಟರು. ಈಗ ಅದರಲ್ಲೇ ಹುರಿಗಡಲೆ, ರೊಟ್ಟಿ ಎಲ್ಲ ನಡೆಯುತ್ತದೆ. ದುಡ್ಡು ಎರಡನೇ ಸಲ ಖರ್ಚಾಗಿದ್ದಕ್ಕಿಂತ ಆ ಕಾಯುವ ಕಾಲ ಎರಡು ಸಲ ಆಯಿತಲ್ಲ, ಅದು ಬೇಸರದ ಸಂಗತಿ. ನಿಮ್ಮ ತಂದೆಯವರಿಗೆ ಹೇಳಿ, ಈಗ ಎರಡು ತಿಂಗಳು ಎಡಗಡೆ ಅಗಿಯಲಿ.

ಕೆರೆಏರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಮೇಷ್ಟ್ರ ಅನುಭವ ಕೇಳಿದ ಮೇಲೆ ಕೋಡುಬಳೆ ಡಬ್ಬಿ ತಾವೇ ಒಳಗಿಟ್ಟರು.

ಆದರೆ ದೊಡ್ಡಪ್ಪನ ಪ್ರಶ್ನೆ ಉಳಿದೇ ಇದೆ. ಅವರ ಮೂಳೆಗೂ ಇದೇ ನಿಯಮ ಅಲ್ವಾ? ಒಂದೇ ವಾರಕ್ಕೆ ಹೇಗೆ ಹಲ್ಲು ಕೊಟ್ಟರು? "ಮೂರು ದಿನದಲ್ಲಿ ಹಲ್ಲು" ಅಂತ ಬೋರ್ಡ್‌ಗಳೂ ಕಾಣುತ್ತವೆ, ಅದು ಮೋಸಾನಾ? ಮತ್ತೆ ಅಪ್ಪನ ಶುಗರ್. ಕಳೆದ ಸಲದ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.1 ಇತ್ತು. ಅದರಿಂದ ಏನಾದರೂ ತೊಂದರೆ ಇದೆಯಾ? ಅಪ್ಪ ಊಟ ಆದ ಮೇಲೆ ಎಲೆ ಅಡಿಕೆ ಹಾಕುತ್ತಾರೆ, ತಂಬಾಕು ಇಲ್ಲ.

ವಸಡು_ವೈದ್ಯೆ:

ಮೋಸ ಅಲ್ಲ. ಮೂಳೆಯ ನಿಯಮ ದೊಡ್ಡಪ್ಪನಿಗೂ ಅದೇ, ಅವರಿಗೂ ಗಟ್ಟಿ ಮೂಳೆ ಬರೋದಕ್ಕೆ ತಿಂಗಳುಗಳೇ ಬೇಕಾಯಿತು. ನಾನು ಹೇಳಿದ್ದು ನೆನಪಿಸಿಕೊಳ್ಳಿ, ಶತ್ರು ಹಲ್ಲು ಇರೋದಲ್ಲ, ಅಲುಗಾಟ. ಅಲುಗಾಟವನ್ನು ಆ ಗಡಿಯ ಕೆಳಗೆ ಹಿಡಿದಿಡಬಹುದಾದರೆ ಮೊದಲ ದಿನವೇ ಹಲ್ಲು ಕೂರಿಸಬಹುದು. ಪೂರ್ತಿ ಸಾಲಿಗೆ ಹಾಕುವಾಗ ನಾಲ್ಕೋ ಆರೋ ಇಂಪ್ಲಾಂಟ್‌ಗಳನ್ನು ಒಂದೇ ಗಟ್ಟಿ ಸೇತುವೆಯಲ್ಲಿ ಕಟ್ಟಿಬಿಡುತ್ತಾರೆ. ಒಂದು ಅಲುಗಬೇಕಾದರೆ ಉಳಿದವೂ ಅಲುಗಬೇಕು, ಅದು ಸುಲಭ ಅಲ್ಲ. ಜೊತೆಗೆ ಕೆಳದವಡೆಯ ಮುಂಭಾಗದ ಮೂಳೆ ನಮ್ಮ ಬಾಯಿಯಲ್ಲೇ ಗಟ್ಟಿ, ಅಲ್ಲಿ ಟಾರ್ಕ್ ಚೆನ್ನಾಗಿ ಬರುತ್ತದೆ. ಮೂರು ದಿನದ ಬೋರ್ಡ್‌ನವರಲ್ಲಿ ಹಲವರು ಹೊರಗಿನ ಗಟ್ಟಿ ಮೂಳೆಗೆ ನಾಟುವ ಬೇರೆ ಬಗೆಯ ಇಂಪ್ಲಾಂಟ್ ಬಳಸಿ, ಎಲ್ಲವನ್ನೂ ಒಟ್ಟಿಗೆ ಬಿಗಿಯುತ್ತಾರೆ. ಅವರಿಗೂ ಮೊದಲ ತಿಂಗಳುಗಳಲ್ಲಿ ಮೆತ್ತನೆ ಊಟ ಅಂತಲೇ ಹೇಳಿ ಕಳಿಸಿರುತ್ತಾರೆ, ದೊಡ್ಡಪ್ಪನನ್ನು ಕೇಳಿ ನೋಡಿ.

ಅಪ್ಪನದು ಒಂಟಿ ಇಂಪ್ಲಾಂಟ್, ಅದೂ ಹಿಂದಿನ ಹಲ್ಲು, ಅಗಿಯುವ ಭಾರ ಅತಿ ಜಾಸ್ತಿ ಬೀಳುವ ಜಾಗ. ಕಟ್ಟಿಹಾಕೋಕೆ ಪಕ್ಕದಲ್ಲಿ ಜೊತೆ ಇಲ್ಲ. ಅಲ್ಲಿ ಕಾಯೋಣ ಅಂದ ನಿಮ್ಮ ಡಾಕ್ಟರ್ ತೀರ್ಮಾನ ನನಗೆ ಸರಿ ಅನ್ನಿಸುತ್ತದೆ. ಅಳೆಯಬೇಕು ಅಂದರೆ ಅದಕ್ಕೂ ಸಾಧನ ಇದೆ. ಇಂಪ್ಲಾಂಟ್‌ಗೆ ಒಂದು ಸಣ್ಣ ಕಡ್ಡಿ ತಿರುಗಿಸಿ, ಹತ್ತಿರ ಪೆನ್ನಿನಂಥ ಸಾಧನ ಹಿಡಿದರೆ ಅದು ಎಷ್ಟು ಕಂಪಿಸುತ್ತದೆ ಅಂತ ನೋಡಿ 1ರಿಂದ 100ರೊಳಗೆ ಒಂದು ಅಂಕಿ ಕೊಡುತ್ತದೆ. ಐಎಸ್‌ಕ್ಯೂ ಅಂತಾರೆ. 70ರ ಮೇಲೆ ಬಂದರೆ ಒಳ್ಳೆಯದು, 60ಕ್ಕಿಂತ ಕೆಳಗಿದ್ದರೆ ಇನ್ನೂ ಕಾಯಬೇಕು. ಎಲ್ಲ ಕ್ಲಿನಿಕ್‌ನಲ್ಲೂ ಇರೋದಿಲ್ಲ, ಇದ್ದರೆ ಕ್ಯಾಪ್ ಹಾಕುವ ಮೊದಲು ಅಳೆಯೋಕೆ ಹೇಳಿ.

ಶುಗರ್ ವಿಷಯ. ರಕ್ತದಲ್ಲಿ ಸಕ್ಕರೆ ಸದಾ ಏರಿದ್ದರೆ ಮೂಳೆ ಕಟ್ಟುವ ಕೋಶಗಳು ಮಂದವಾಗುತ್ತವೆ, ಸಣ್ಣ ರಕ್ತನಾಳಗಳು ಕೆಡುತ್ತವೆ, ಸೋಂಕು ಬೇಗ ಹಿಡಿಯುತ್ತದೆ. ಆದರೆ ಹಿಡಿತದಲ್ಲಿದ್ದರೆ ಇಂಪ್ಲಾಂಟ್ ಉಳಿಯೋದು ಶುಗರ್ ಇಲ್ಲದವರಷ್ಟೇ ಚೆನ್ನಾಗಿ. 7.1 ಭಯ ಪಡುವ ಅಂಕಿ ಅಲ್ಲ. ಈ ತಿಂಗಳುಗಳಲ್ಲಿ ಅದು 8ರ ಕಡೆ ಹೋಗದಂತೆ ನೋಡಿಕೊಳ್ಳಿ, ಮದುವೆ ಮನೆ ಊಟಗಳ ಸೀಸನ್ನು ಬೇರೆ.

ತಂಬಾಕು ಇಲ್ಲ ಅನ್ನೋದು ದೊಡ್ಡ ಸಮಾಧಾನ. ಬೀಡಿ ಸಿಗರೇಟ್ ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡೋದು ಸೇದದವರ ಸುಮಾರು ಎರಡರಷ್ಟು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸ ಮೂಳೆಗೆ ಬೇಕಾಗಿದ್ದೇ ರಕ್ತ. ಆದರೆ ಅಡಿಕೆಯೂ ಈಗ ಬೇಡ. ಗಟ್ಟಿ ಚೂರು ಹೀಲಿಂಗ್ ಕ್ಯಾಪ್ ಮೇಲೆ ಬಿದ್ದರೆ ಅಲುಗಾಟ, ಸುಣ್ಣ ವಸಡಿಗೆ ಉರಿ. ಅಲ್ಲದೆ ಅಡಿಕೆ ವರ್ಷಗಟ್ಟಲೆ ಅಗಿದವರ ಕೆನ್ನೆ ಒಳಗಡೆ ಬಿಗಿಯುತ್ತಾ ಬಂದು ಬಾಯಿ ತೆರೆಯೋದೇ ಕಷ್ಟ ಆಗುವ ಕಾಯಿಲೆ ಇದೆ. ನನ್ನ ಹತ್ತಿರ ಬರುವವರಲ್ಲಿ ಅದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಈ ನೆಪದಲ್ಲಿ ಅಪ್ಪ ಎಲೆ ಅಡಿಕೆ ಬಿಟ್ಟರೆ ಇಂಪ್ಲಾಂಟ್‌ಗಿಂತ ದೊಡ್ಡ ಲಾಭ.

ಇನ್ನೊಂದು ಮುಖ್ಯ. ಅಮ್ಮನೋ ಅಜ್ಜಿಯೋ ಮುಂದೆ ಇಂಪ್ಲಾಂಟ್ ಮಾಡಿಸುವುದಾದರೆ ಮೂಳೆ ಸವೆತಕ್ಕೆ ತಗೊಳ್ಳುವ ಔಷಧಿ ಇದೆಯಾ ನೋಡಿ. ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಜೊಲೆಂಡ್ರೋನಿಕ್ ಆಸಿಡ್ ಡ್ರಿಪ್, ಡೆನೋಸುಮಾಬ್ ಇಂಜೆಕ್ಷನ್, ಇಂಥವು. ಇವೆಲ್ಲ ಹಳೇ ಮೂಳೆ ಕರಗಿಸುವ ಆ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನೇ ತಡೆಯುತ್ತವೆ. ಅಪರೂಪಕ್ಕೆ ದವಡೆ ಮೂಳೆ ವಾಸಿಯಾಗದೆ ಉಳಿದುಬಿಡಬಹುದು, ಕ್ಯಾನ್ಸರ್‌ಗೆ ದೊಡ್ಡ ಡೋಸ್ ತಗೊಂಡವರಲ್ಲಿ ಅಪಾಯ ಜಾಸ್ತಿ. ಕೇಳದಿದ್ದರೂ ಹಲ್ಲಿನ ಡಾಕ್ಟರಿಗೆ ಹೇಳಿಬಿಡಿ. ತಾವಾಗಿ ನಿಲ್ಲಿಸಬೇಡಿ.

ಲೋಹದ_ಮಾತು:

ಮೇಡಂ, ಒಂದು ಪ್ರಶ್ನೆ ನಿಮಗೇ. ದೇಹ ಟೈಟಾನಿಯಂ ಅನ್ನು ಸ್ವೀಕರಿಸುತ್ತದೆ ಅಂತ ನಾವು ಕಲಿತಿದ್ದು. ಆದರೆ ಅದೇ ಆಲ್ಬ್ರೆಕ್ಟ್ಸನ್, ಬ್ರೋನೆಮಾರ್ಕ್ ಜೊತೆ ಕೆಲಸ ಮಾಡಿದವರು, ಇತ್ತೀಚಿನ ವರ್ಷಗಳಲ್ಲಿ ಬೇರೆ ಮಾತು ಹೇಳಿದ್ದಾರೆ ಅಲ್ವಾ? ಇದು ಸ್ವೀಕಾರವಲ್ಲ, ಪರವಸ್ತುವನ್ನು ಕಂಡ ದೇಹ ಅದನ್ನು ಮೂಳೆಯಿಂದ ಸುತ್ತುಗಟ್ಟಿ ಬೇರೆ ಇಡುತ್ತದೆ, ಆ ಪ್ರತಿಕ್ರಿಯೆ ಒಂದು ಸಮತೋಲಕ್ಕೆ ಬಂದು ನಿಂತಿರುತ್ತದೆ ಅಷ್ಟೇ ಅಂತ. ನೀವು ಯಾವ ಕಡೆ?

ವಸಡು_ವೈದ್ಯೆ:

ನನಗೆ ಅವರ ಮಾತು ಹಿಡಿಸುತ್ತದೆ. ಹಿಡಿದಿರುವ ಇಂಪ್ಲಾಂಟ್‌ನ ಹತ್ತಿರವೂ ರಕ್ಷಣಾ ಕೋಶಗಳು ಕಾಣಸಿಗುತ್ತವೆ ಅನ್ನೋದು ನಿಜ. ಸುತ್ತ ಮೂಳೆ ಕರಗೋದು, ಹೊಸದು ಹಾಕೋದು ಜೀವನಪೂರ್ತಿ ನಡೆಯುತ್ತಲೇ ಇರುತ್ತದೆ. ಅಂದರೆ ಒಂದು ಸಲ ಹಿಡಿಯಿತು, ಕೆಲಸ ಮುಗಿಯಿತು ಅಂತ ಇಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಆದರೆ ರೋಗಿಗಳಿಗೆ ಹೀಗೆ ಹೇಳಿದರೆ ಆಮೇಲಿನ ಜೋಪಾನ ಚೆನ್ನಾಗಿ ಮಾಡುತ್ತಾರೆ.

ಕೆರೆಏರಿ ಅವರೇ, ಆ ಜೋಪಾನದ ಬಗ್ಗೆ ಎರಡು ಮಾತು. ನಿಜವಾದ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರಿನ ನಾರಿನ ಪದರ ಇರುತ್ತದೆ, ಅದರಲ್ಲಿ ನರಗಳಿವೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೆ ಥಟ್ಟನೆ ದವಡೆ ನಿಲ್ಲೋದು ಅದರಿಂದ. ಇಂಪ್ಲಾಂಟ್‌ಗೆ ಆ ಪದರ ಇಲ್ಲ, ನೇರ ಮೂಳೆ. ಸ್ಪರ್ಶ ಮಂದ. ಹಾಗಾಗಿ ಕ್ಯಾಪ್ ಒಂಚೂರು ಎತ್ತರ ಆಗಿದ್ದರೂ ಅಪ್ಪನಿಗೆ ಬೇಗ ಗೊತ್ತಾಗೋದಿಲ್ಲ, ಕಚ್ಚುವ ಕಾಗದ ಇಟ್ಟು ಡಾಕ್ಟರ್ ನೋಡಿಯೇ ಸರಿ ಮಾಡಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಅಮ್ಮನನ್ನು ಕೇಳಿ ಮೊದಲೇ ಹೇಳಿ, ಗಾರ್ಡ್ ಮಾಡಿಕೊಡುತ್ತಾರೆ.

ಮೊದಲ ವರ್ಷ ಇಂಪ್ಲಾಂಟ್‌ನ ಕತ್ತಿನ ಹತ್ತಿರ ಒಂದರಿಂದ ಒಂದೂವರೆ ಮಿಲಿಮೀಟರ್ ಮೂಳೆ ಇಳಿಯೋದು ಉಂಟು, ಗಾಬರಿ ಬೇಡ. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಜಾಸ್ತಿ ಇಳಿಯಬಾರದು. ಕ್ಯಾಪ್ ಹಾಕಿದ ದಿನವೇ ಒಂದು ಎಕ್ಸ್‌ರೇ ತೆಗೆಸಿ ಅದರ ಪ್ರತಿ ಮನೆಯಲ್ಲಿಟ್ಟುಕೊಳ್ಳಿ, ಮುಂದೆ ಹೋಲಿಸೋಕೆ ಅದು ಬೇಕು. ಇಂಪ್ಲಾಂಟ್‌ನ ಬ್ರ್ಯಾಂಡ್, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಕೂಡ ಕೇಳಿ ತಗೊಳ್ಳಿ. ಹಲ್ಲುಜ್ಜುವಾಗ ಅಲ್ಲಿ ರಕ್ತ ಬಂದರೆ ಸುಮ್ನೆ ಬಿಡಬೇಡಿ, ನೋವಿಗೆ ಕಾಯಬೇಡಿ, ಆ ವಾರವೇ ತೋರಿಸಿ.